ಸಿಗ್ನಲ್ ಫುಲ್, ವಿಡಿಯೋ ಮಾತ್ರ ಓಡಲ್ಲ

ಮೂಡಿಗೆರೆ ಕಡೆಯ ಹೋಂಸ್ಟೇಗೆ ಶನಿವಾರ ರಾತ್ರಿ ಹೋಗಿ ನೋಡಿ. ವೈಫೈ ಫುಲ್ ಸಿಗ್ನಲ್ ತೋರಿಸುತ್ತದೆ, ವಿಡಿಯೋ ಮಾತ್ರ ಸುತ್ತುತ್ತಲೇ ಇರುತ್ತದೆ. ಬೈಗುಳ ರೂಟರ್‌ಗೆ. ಎಷ್ಟೋ ಸಲ ಅದರ ತಪ್ಪೇನೂ ಇರುವುದಿಲ್ಲ. ಮೂವತ್ತು ಫೋನು ಒಂದೇ ಚಾನೆಲ್‌ನಲ್ಲಿ, ಅಂದರೆ ಒಂದೇ ರೇಡಿಯೋ ದಾರಿಯಲ್ಲಿವೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಇಬ್ಬರ ಮಾತೂ ಹಾಳು.

ಈ ಡಿಕ್ಕಿಯ ಕತೆ ಶುರುವಾಗಿದ್ದು ಹವಾಯಿಯಲ್ಲಿ. ಅಲ್ಲಿನ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ‘ಅಲೋಹಾನೆಟ್’ ನಡೆಸತೊಡಗಿತು. ದ್ವೀಪಗಳ ಟರ್ಮಿನಲ್‌ಗಳೆಲ್ಲ ಒಂದೇ ರೇಡಿಯೋ ಚಾನೆಲ್‌ನಲ್ಲಿ ಮುಖ್ಯ ಕಂಪ್ಯೂಟರಿಗೆ ಮಾಹಿತಿ ಕಳಿಸಬೇಕು. ಸರದಿ ಹಂಚುವ ಗೊಡವೆಯೇ ಬೇಡ ಎಂದುಕೊಂಡರು. ಬೇಕಾದಾಗ ಕಳಿಸು, ‘ಬಂತು’ ಎಂಬ ಉತ್ತರ ಬರದಿದ್ದರೆ ಸ್ವಲ್ಪ ಕಾದು ಮತ್ತೆ ಕಳಿಸು. ಇಬ್ಬರೂ ಅಷ್ಟೇ ಹೊತ್ತು ಕಾದರೆ ಮತ್ತೆ ಡಿಕ್ಕಿಯೇ ಅಲ್ವಾ? ಹಾಗಾಗಿ ಎಷ್ಟು ಹೊತ್ತು ಎನ್ನುವುದು ಲಾಟರಿ. ಇದರಲ್ಲಿ ಚಾನೆಲ್‌ನ ಶಕ್ತಿಯ ಶೇ. 18.4ಕ್ಕಿಂತ ಜಾಸ್ತಿ ದಕ್ಕುವುದಿಲ್ಲ. ಆದರೂ ಕೆಲಸ ನಡೆಯಿತು.

ಅಬ್ರಾಮ್ಸನ್ ಅವರ ಪ್ರಬಂಧ ಓದಿದ್ದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಕಂಪ್ಯೂಟರುಗಳನ್ನು ತಂತಿಯಲ್ಲಿ ಜೋಡಿಸುವ ‘ಈಥರ್ನೆಟ್’ನ ಯೋಚನೆ ಬರೆದಿಟ್ಟರು. ಡೇವಿಡ್ ಬಾಗ್ಸ್ ಜೊತೆ ಸೇರಿ ಅದನ್ನು ಕಟ್ಟಿದರು. ಇಲ್ಲಿ ಗಾಳಿಯ ಬದಲು ಒಂದೇ ದಪ್ಪ ಕೇಬಲ್, ಎಲ್ಲ ಯಂತ್ರಗಳೂ ಅದಕ್ಕೇ. ಮಾತಾಡುವ ಮೊದಲು ಕೇಳು, ಮಾತಾಡುವಾಗಲೂ ಕೇಳುತ್ತಿರು, ಡಿಕ್ಕಿಯಾದರೆ ತಕ್ಷಣ ನಿಲ್ಲಿಸು. ನನಗೆ ಇಷ್ಟವಾಗುವುದು ಆಮೇಲಿನ ಲೆಕ್ಕ. ಎಷ್ಟು ಹೊತ್ತು ಕಾಯಬೇಕು ಎಂದು ಚೀಟಿ ಹೇಳುತ್ತದೆ: ಮೊದಲ ಡಿಕ್ಕಿಗೆ ಎರಡು ಚೀಟಿಯಲ್ಲಿ ಒಂದನ್ನು ಎತ್ತು, ಎರಡನೆಯದಕ್ಕೆ ನಾಲ್ಕರಲ್ಲಿ, ಮೂರನೆಯದಕ್ಕೆ ಎಂಟರಲ್ಲಿ. ಗಲಾಟೆ ಹೆಚ್ಚಿದಷ್ಟೂ ಎಲ್ಲರೂ ತಾವಾಗಿಯೇ ಹಿಂದೆ ಸರಿಯುತ್ತಾರೆ. ನಿಲ್ಲಿಸಿ ಎನ್ನುವ ಮೇಸ್ತ್ರಿ ಬೇಕಿಲ್ಲ. ಹದಿನಾರು ಸಲ ಸೋತರೆ ಯಂತ್ರ ಆ ಸಂದೇಶವನ್ನು ಕೈಬಿಡುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಕೇಬಲ್‌ನ ಆ ತುದಿಯಲ್ಲಿ ಡಿಕ್ಕಿಯಾದ ಸುದ್ದಿ ಈ ತುದಿಗೆ ಬರುವ ಮೊದಲೇ ಮಾತು ಮುಗಿದುಬಿಟ್ಟರೆ? ಆಗ ಡಿಕ್ಕಿ ಗೊತ್ತೇ ಆಗುವುದಿಲ್ಲ. ಅದಕ್ಕೇ 1983ರ ಈಥರ್ನೆಟ್ ಮಾನದಂಡದಲ್ಲಿ ಪ್ರತಿ ಸಂದೇಶ ಕನಿಷ್ಠ 64 ಬೈಟ್ ಇರಬೇಕು ಎಂಬ ನಿಯಮವಿತ್ತು. ಕೇಬಲ್‌ನ ಉದ್ದಕ್ಕೂ ಮಿತಿ ಬಿತ್ತು.

ಇದಕ್ಕೆ ಪೈಪೋಟಿಯಾಗಿ ಐಬಿಎಂ ಕಂಪನಿ ‘ಟೋಕನ್ ರಿಂಗ್’ ತಂದಿತು, ಒಂಟಿ ಹಳಿಯ ರೈಲಿನ ಟೋಕನ್ ಹಾಗೆ. ಟೋಕನ್ ಕೈಯಲ್ಲಿದ್ದವನಿಗೆ ಮಾತ್ರ ದಾರಿ. ಶಿಸ್ತಿತ್ತು, ಖರ್ಚೂ ಇತ್ತು. ಗೆದ್ದಿದ್ದು ಈಥರ್ನೆಟ್. 1990ರ ದಶಕದಲ್ಲಿ ತಂತಿಗಳನ್ನು ಜೋಡಿಸುವ ‘ಸ್ವಿಚ್’ ಎಂಬ ಪೆಟ್ಟಿಗೆಗಳು ಬಂದು ಪ್ರತಿ ಯಂತ್ರಕ್ಕೂ ತನ್ನದೇ ತಂತಿ ಸಿಕ್ಕಿತು. ಹೋಗಲು ಒಂದು ದಾರಿ, ಬರಲು ಇನ್ನೊಂದು. ತಂತಿಯಲ್ಲಿ ಡಿಕ್ಕಿ ಅಲ್ಲಿಗೆ ಮುಗಿಯಿತು.

1997ರ ವೈಫೈ ಮಾನದಂಡದೊಂದಿಗೆ ಡಿಕ್ಕಿ ಗಾಳಿಗೆ ವಾಪಸ್ ಬಂತು. ಕೂಗುವಾಗ ತನ್ನ ದನಿಯ ಮುಂದೆ ಇನ್ನೊಬ್ಬರದ್ದು ಫೋನಿಗೆ ಕೇಳುವುದಿಲ್ಲ. ಆದ್ದರಿಂದ ವೈಫೈ ಮೊದಲೇ ಚೀಟಿ ಎತ್ತಿ ಕಾಯುತ್ತದೆ, ಕಳಿಸಿದ ಮೇಲೆ ‘ಬಂತು’ ಎಂಬ ಉತ್ತರ ನೋಡುತ್ತದೆ. ಮಲೆನಾಡಿನಲ್ಲಿ ಇನ್ನೊಂದು ತೊಡಕು. ಗುಡ್ಡದ ಈ ಬದಿ ಒಂದು ತೋಟದ ಮನೆ, ಆ ಬದಿ ಇನ್ನೊಂದು. ನೆತ್ತಿಯ ಆಂಟೆನಾಕ್ಕೆ ಇಬ್ಬರೂ ಕೇಳುತ್ತಾರೆ, ಒಬ್ಬರಿಗೊಬ್ಬರು ಕೇಳುವುದಿಲ್ಲ. ದಾರಿ ಖಾಲಿ ಎಂದುಕೊಂಡು ಇಬ್ಬರೂ ನುಗ್ಗುತ್ತಾರೆ. ಇದಕ್ಕೆ ಮದ್ದು, ‘ಕಳಿಸಲಾ?’ ಎಂದು ಆಂಟೆನಾವನ್ನೇ ಕೇಳಿ ಅದು ‘ಹೂಂ’ ಎಂದ ಮೇಲೆ ಕಳಿಸುವುದು.

ಹೋಂಸ್ಟೇಯಲ್ಲೂ ಕಾಫಿ ಕಣದಾಚೆಯ ರೂಮಿನ ಫೋನು ನಿಧಾನವಾಗಿ ಮಾತಾಡುತ್ತದೆ. ಅದು ಮುಗಿಸುವ ತನಕ ಉಳಿದವರೆಲ್ಲ ಕಾಯಬೇಕು. ಹಾಲ್‌ನ ಟಿವಿಗಾದರೂ ಕೇಬಲ್ ಎಳೆದುಬಿಟ್ಟರೆ ಸಾಲಿನಲ್ಲಿ ಒಬ್ಬರು ಕಡಿಮೆ.