ಸರ್ವಿಸ್ ಹೋಸ್ಟ್ 70 ಸಾಲು ಇದ್ದರೆ ವೈರಸ್ಸಾ?

ಪ್ರಶ್ನೆ: ಟಾಸ್ಕ್ ಮ್ಯಾನೇಜರ್ ತೆಗೆದರೆ ‘ಸರ್ವಿಸ್ ಹೋಸ್ಟ್’ ಅಂತ 70 ಸಾಲು ಕಾಣಿಸುತ್ತಿದೆ ಸಾರ್. ಸ್ಪೈವೇರ್ ಸೇರಿಕೊಂಡಿದೆಯಾ? ಎಲ್ಲಾ ಎಂಡ್ ಟಾಸ್ಕ್ ಮಾಡಲಾ?

ಉತ್ತರ: ಬೇಡ. ಮೊದಲು ಮೌಸ್ ಮೇಲಿಂದ ಕೈ ತೆಗೆಯಿರಿ. ಇದೇ ಪ್ರಶ್ನೆಗೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ‘ಸರ್ವಿಸ್ ಹೋಸ್ಟ್ ಜಾಸ್ತಿ ಇದ್ದರೆ ವೈರಸ್’ ಅನ್ನೋ ಮಾತು ಯಾರು ಹುಟ್ಟಿಸಿದರೋ, ಸಾಯೋದೇ ಇಲ್ಲ.

ವಿಂಡೋಸ್‌ನ ತೆರೆಮರೆಯಲ್ಲಿ ಕೆಲಸ ಮಾಡುವ ಎಷ್ಟೋ ಸರ್ವಿಸ್‌ಗಳು ತಾವೇ ಓಡುವ ಪ್ರೋಗ್ರಾಂಗಳಲ್ಲ, ಬೇರೊಂದು ಪ್ರೋಗ್ರಾಂ ಓಡಿಸಬೇಕಾದ ಬರೀ ಡಿಎಲ್‌ಎಲ್ ಫೈಲುಗಳು. ಅವಕ್ಕೆ ಇರಲು ಒಂದು ಮನೆ ಬೇಕು. ಆ ಮನೆಯೇ ಸರ್ವಿಸ್ ಹೋಸ್ಟ್. ಮೊದಲು ಹಲವು ಸರ್ವಿಸ್‌ಗಳು ಕೂಡು ಕುಟುಂಬದ ಹಾಗೆ ಒಂದೇ ಮನೆಯಲ್ಲಿದ್ದವು. ಒಂದು ಮಲಗಿದರೆ ಮನೆಮಂದಿಯೆಲ್ಲ ಮಲಗುತ್ತಿದ್ದರು. 2017ರ ವಿಂಡೋಸ್ 10 ಕ್ರಿಯೇಟರ್ಸ್ ಅಪ್‌ಡೇಟ್‌ನಲ್ಲಿ ಮೈಕ್ರೋಸಾಫ್ಟ್ ಪಾಲು ಮಾಡಿಕೊಟ್ಟಿತು. 3.5 ಜಿಬಿಗಿಂತ ಜಾಸ್ತಿ ರ‍್ಯಾಮ್ ಇದ್ದರೆ ಬಹುತೇಕ ಸರ್ವಿಸ್‌ಗಳಿಗೆ ಬೇರೆ ಬೇರೆ ಮನೆ. ಹಾಗಾಗಿ 2 ಜಿಬಿಯ ಹಳೇ ಪಿಸಿಯಲ್ಲಿ ಸಾಲು ಕಮ್ಮಿ, 8 ಜಿಬಿಯ ಹೊಸದರಲ್ಲಿ ಜಾಸ್ತಿ. ಹೊಸ ಪಿಸಿಗೇ ವೈರಸ್ ಜಾಸ್ತಿ ಅಂತೀರಾ?

ಎಣಿಸಬೇಡಿ, ವಿಳಾಸ ನೋಡಿ. ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರೊಳಗಿನ ಸಿಸ್ಟಮ್32 ತೆರೆದರೆ ಅಸಲಿ ಫೈಲು. ಟೆಂಪ್, ಆಪ್‌ಡೇಟಾ ಕಡೆ ಹೋದರೆ ಕಳ್ಳ. ಫೈಲಿನ ಹೆಸರನ್ನೂ ಅಕ್ಷರ ಬಿಡಿಸಿ ಓದಿ, ಅಸಲಿಯದು svchost.exe. ಎಸ್‌-ವಿ-ಸಿ ಇರಬೇಕಾದಲ್ಲಿ ಎಸ್‌-ಸಿ-ವಿ, ‘ಓ’ ಜಾಗದಲ್ಲಿ ಸೊನ್ನೆ, ಇವೆಲ್ಲ ಹಳೇ ಆಟಗಳು. ಅಸಲಿ ಮನೆಯೊಳಗೇ ನುಗ್ಗಿ ಕೂರುವ ಖದೀಮರೂ ಇದ್ದಾರೆ ಅನ್ನಿ. ಅನುಮಾನ ಹೋಗದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಇದೆ. ಪಿಸಿ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಹುಡುಕುತ್ತದೆ. ತೆರೆದ ಫೈಲುಗಳನ್ನು ಸೇವ್ ಮಾಡಿಟ್ಟು ಒತ್ತಿ.

‘ಹಾಗಾದ್ರೆ ಯಾವ ಸರ್ವಿಸ್ ನಿಲ್ಲಿಸಬಹುದು?’ ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೀನಿ. ಮನೆಯಲ್ಲಿ ಪ್ರಿಂಟರ್ ಇಲ್ವಾ? ಪ್ರಿಂಟ್ ಕೆಲಸಗಳನ್ನು ಸಾಲಾಗಿ ಪ್ರಿಂಟರಿಗೆ ಕಳಿಸುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. 2021ರಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಅಂತ ದೊಡ್ಡ ಗಲಾಟೆಯಾದ ಭದ್ರತಾ ತೂತು ಇದೇ ಸರ್ವಿಸ್‌ನಲ್ಲಿತ್ತು. ಸ್ಟಾರ್ಟ್ ಮೆನುವಿನಲ್ಲಿ ‘Services’ ಅಂತ ಹುಡುಕಿ ತೆರೆದ ಸರ್ವಿಸಸ್ ಕಿಟಕಿಯಲ್ಲಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಸ್ಟಾಪ್ ಒತ್ತಿ, ಸ್ಟಾರ್ಟಪ್ ಟೈಪ್ ‘ಡಿಸೇಬಲ್ಡ್’ ಮಾಡಿದರೆ ಆಯ್ತು. ಪಿಸಿ ಏನೂ ಕುದುರೆಯಂತೆ ಓಡಲ್ಲ, ಒಂದು ಬಾಗಿಲು ಮುಚ್ಚುತ್ತದೆ ಅಷ್ಟೇ. ಆದರೆ ‘ಪ್ರಿಂಟ್ ಟು ಪಿಡಿಎಫ್’ಗೂ ಇದೇ ಸ್ಪೂಲರ್ ಬೇಕು. ನಾಳೆ ಟಿಕೆಟ್ ಪಿಡಿಎಫ್ ಆಗ್ತಿಲ್ಲ ಅಂತ ಮತ್ತೆ ನನಗೇ ಬರೀಬೇಡಿ, ಮೊದಲು ಇದನ್ನು ‘ಆಟೋಮ್ಯಾಟಿಕ್’ಗೆ ಹಾಕಿ, ‘ಅಪ್ಲೈ’ ಒತ್ತಿ, ಆಮೇಲೆ ಸ್ಟಾರ್ಟ್ ಒತ್ತಿ ನೋಡಿ.