4 ಜಿಬಿ ಫೈಲನ್ನು ಆನ್ಸಿಬಲ್ ತಲೆ ಮೇಲೆ ಹೊರಿಸಬೇಕೇ?

ಪ್ರಶ್ನೆ: ನಮ್ಮಲ್ಲಿ 50 ಸರ್ವರ್‌ಗಳಿವೆ. ಪ್ರತಿ ರಿಲೀಸ್‌ಗೂ 4 ಜಿಬಿಯ ಒಂದು ಎಐ ಮಾಡೆಲ್ ಫೈಲ್ ಎಲ್ಲ ಸರ್ವರ್‌ಗೂ ಹೋಗಬೇಕು. ಅನೇಕ ಸರ್ವರ್‌ಗಳನ್ನು ಒಂದೇ ಕಡೆಯಿಂದ ನಿಭಾಯಿಸುವ ಟೂಲ್ ಆದ ಆನ್ಸಿಬಲ್‌ನ ಕಾಪಿ ಮಾಡ್ಯೂಲ್ (ಫೈಲ್ ಕಳಿಸುವ ಭಾಗ) ಬಳಸಿ ನನ್ನ ಲ್ಯಾಪ್‌ಟಾಪ್‌ನಿಂದಲೇ ಕಳಿಸುತ್ತೇನೆ. ಅರ್ಧ ದಿನವಾದರೂ ಮುಗಿಯುವುದಿಲ್ಲ. ಫೋರ್ಕ್ಸ್ (ಒಂದೇ ಹೊತ್ತಿಗೆ ಎಷ್ಟು ಸರ್ವರ್‌ಗಳಲ್ಲಿ ಕೆಲಸ ನಡೆಯಬೇಕೆಂಬ ಸಂಖ್ಯೆ) ಜಾಸ್ತಿ ಮಾಡಿದರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ. ಕಾರಣಕ್ಕೆ ಒಂದು ಲೆಕ್ಕ ಸಾಕು. ನಿಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್, 8 ಬಿಟ್ ಸೇರಿದರೆ 1 ಬೈಟ್) ಅಂದುಕೊಳ್ಳೋಣ. 4 ಜಿಬಿ ದಾಟಲು ಸುಮಾರು 27 ನಿಮಿಷ ಬೇಕು. 50 ಸರ್ವರ್‌ಗೆ ಸುಮಾರು 22 ಗಂಟೆ. ಫೋರ್ಕ್ಸ್ ಮೊದಲೇ 5 ಇರುತ್ತದೆ. ಅದನ್ನು 50 ಮಾಡಿದರೂ ಪೈಪು ಅದೇ. ಎಲ್ಲರೂ ಒಂದೇ ನಲ್ಲಿಗೆ ಕೊಡ ಹಿಡಿದ ಹಾಗೆ, ಯಾರ ಕೊಡವೂ ಬೇಗ ತುಂಬುವುದಿಲ್ಲ.

ಕಾಪಿ ಮಾಡ್ಯೂಲ್ ಹುಟ್ಟಿದ್ದು ಕಾನ್ಫಿಗ್ ಫೈಲ್‌ಗಳಿಗೆ, ನಾಲ್ಕಾರು ಕೆಬಿಯ ಸರಕಿಗೆ. ಅದಕ್ಕೆ 4 ಜಿಬಿ ಕೊಡುವುದೆಂದರೆ ಅಂಚೆಯಣ್ಣನ ಹೆಗಲಿಗೆ ಅಕ್ಕಿ ಮೂಟೆ ಏರಿಸಿದಂತೆ. ಅವನು ಚೀಟಿ ತಲುಪಿಸಲಿ. ಮೂಟೆಯನ್ನು ಬೇಕಾದವರೇ ಗೋಡೌನಿಗೆ ಹೋಗಿ ತಂದುಕೊಳ್ಳಲಿ.

ಇಲ್ಲಿ ಗೋಡೌನ್ ಎಂದರೆ ಎಸ್3 ಬಕೆಟ್ (ಅಮೆಜಾನ್ ಕ್ಲೌಡ್‌ನ ಫೈಲ್ ಸಂಗ್ರಹ), ನೆಕ್ಸಸ್ (ರಿಲೀಸ್ ಫೈಲ್‌ಗಳನ್ನು ಇಡುವ ಸರ್ವರ್), ಏನೂ ಇಲ್ಲದಿದ್ದರೆ ಸರ್ವರ್‌ಗಳಿರುವ ನೆಟ್‌ವರ್ಕ್‌ನಲ್ಲೇ ಒಂದು ಎಂಜಿನ್‌ಎಕ್ಸ್ ವೆಬ್ ಸರ್ವರ್. ನಿಮ್ಮ ಲ್ಯಾಪ್‌ಟಾಪ್‌ನಿಂದ ಫೈಲ್ ಅಲ್ಲಿಗೆ ಒಂದೇ ಸಲ ಹೋಗುತ್ತದೆ. ಪ್ಲೇಬುಕ್‌ನಲ್ಲಿ (ಆನ್ಸಿಬಲ್ ಮಾಡಬೇಕಾದ ಕೆಲಸಗಳ ಪಟ್ಟಿ) ಕಾಪಿ ತೆಗೆದು, ಸರ್ವರ್ ತಾನೇ ಫೈಲ್ ಇಳಿಸಿಕೊಳ್ಳುವಂತೆ ಮಾಡುವ ಗೆಟ್ ಯುಆರ್‌ಎಲ್ ಮಾಡ್ಯೂಲ್ ಹಾಕಿ, ಅದಕ್ಕೆ ವಿಳಾಸ ಮತ್ತು ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲ್ ಸರಿಯಾಗಿ ಬಂದಿದೆಯೇ ಎಂದು ಹೋಲಿಸಿ ನೋಡುವ ಗುರುತು) ಎರಡನ್ನೂ ಕೊಡಿ. ಚೆಕ್‌ಸಮ್ ಬಿಟ್ಟರೆ ಮಾತ್ರ ನಾನು ಒಪ್ಪುವುದಿಲ್ಲ. ಅರ್ಧಂಬರ್ಧ ಬಂದ ಫೈಲನ್ನು ಆ್ಯಪ್ ಓದಿ ಬೇರೆಲ್ಲೋ ಮುಗ್ಗರಿಸಿದಾಗ, ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ.

ಫೈಲಿನ ಹೆಸರಲ್ಲೇ ವರ್ಶನ್ ಇರಲಿ. ಸುಮ್ಮನೆ ಅಚ್ಚುಕಟ್ಟಿಗೆ ಹೇಳುತ್ತಿಲ್ಲ. ಚೆಕ್‌ಸಮ್ ಕೊಟ್ಟ ಮೇಲೆ ಪ್ಲೇಬುಕ್ ಓಡಿಸಿದ ಪ್ರತಿ ಸಲವೂ, ಫೈಲ್ ಈಗಾಗಲೇ ಇದ್ದರೂ, ಸರ್ವರ್ ಅದನ್ನು ಪೂರ್ತಿ ಓದಿ ಲೆಕ್ಕ ಹಾಕುತ್ತದೆ. ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಅದರ ಏದುಸಿರು ಗ್ರಾಫ್‌ನಲ್ಲಿ ಕಾಣುತ್ತದೆ. ಹೆಸರಲ್ಲಿ ವರ್ಶನ್ ಇದ್ದರೆ ಮೊದಲು ಸ್ಟ್ಯಾಟ್ ಮಾಡ್ಯೂಲ್‌ನಿಂದ ಫೈಲ್ ಇದೆಯೇ ಎಂದಷ್ಟೇ ನೋಡಿ, ಇಲ್ಲದಿದ್ದರೆ ಮಾತ್ರ ಇಳಿಸಬಹುದು. ಸ್ಟ್ಯಾಟ್‌ ಕೂಡ ತಾನಾಗಿ ಚೆಕ್‌ಸಮ್ ತೆಗೆಯುತ್ತದೆ, ಆ ಆಯ್ಕೆಯನ್ನು ಆಫ್ ಮಾಡುವುದು ಮರೆಯಬೇಡಿ.

ಇನ್ನೊಂದು ಗುಂಡಿ, ನಾನೇ ಬಿದ್ದದ್ದು. ಡೇಟಾ ಡಿಸ್ಕ್‌ನಲ್ಲಿ 200 ಜಿಬಿ ಖಾಲಿ ಇತ್ತು, ಆದರೂ ಸರ್ವರ್ ‘ಡಿಸ್ಕ್‌ನಲ್ಲಿ ಜಾಗವಿಲ್ಲ’ ಎಂದಿತು. ಖಾಲಿ ಜಾಗ ತೋರಿಸುವ ಡಿಎಫ್ ಕಮಾಂಡನ್ನು ಎರಡು ಸಲ ಹೊಡೆದು ನೋಡಿದೆ, ಜಾಗ ಬೇಕಾದಷ್ಟಿದೆ! ಆಮೇಲೆ ತಿಳಿಯಿತು: ಕಾಪಿ ಆಗಲಿ, ಗೆಟ್ ಯುಆರ್‌ಎಲ್ ಆಗಲಿ, ಫೈಲನ್ನು ಮೊದಲು ಬಳಕೆದಾರರ ಹೋಮ್‌ನಲ್ಲಿರುವ ಆನ್ಸಿಬಲ್‌ನ ಟೆಂಪ್ ಫೋಲ್ಡರ್‌ಗೆ ಇಳಿಸಿ, ನಂತರ ಜಾಗಕ್ಕೆ ಸೇರಿಸುತ್ತದೆ. ಆ ಹೋಮ್ ಇದ್ದ ರೂಟ್ ಡಿಸ್ಕ್‌ನಲ್ಲಿ ಉಳಿದದ್ದು 3 ಜಿಬಿ. ಗೆಟ್ ಯುಆರ್‌ಎಲ್‌ಗೆ ಟೆಂಪ್ ಡೆಸ್ಟ್ ಎಂಬ ಆಯ್ಕೆ ಇದೆ. ಅದನ್ನು ಡೇಟಾ ಡಿಸ್ಕ್‌ಗೇ ತೋರಿಸಿದರೆ ಆಯಿತು.

ಇಳಿಸುವುದು ಮತ್ತು ಚಾಲೂ ಮಾಡುವುದು ಎರಡು ಬೇರೆ ಕೆಲಸವಾಗಿರಲಿ. ಫೈಲನ್ನು ಹಿಂದಿನ ರಾತ್ರಿಯೇ ಎಲ್ಲ ಕಡೆ ಇಳಿಸಿಡಿ. ರಿಲೀಸ್ ಹೊತ್ತಿಗೆ ಸಿಮ್‌ಲಿಂಕನ್ನು (ಯಾವ ಫೈಲ್ ಬಳಸಬೇಕೆಂದು ತೋರಿಸುವ ಕೈಮರ) ಹೊಸ ಫೈಲಿನತ್ತ ತಿರುಗಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಸಾಕು. ಎಡವಟ್ಟಾದರೆ ಅದೇ ಸಿಮ್‌ಲಿಂಕ್ ಹಿಂದಕ್ಕೆ.

ಬದಲಾದ ಭಾಗವನ್ನಷ್ಟೇ ಕಳಿಸುವ ಆರ್‌ಸಿಂಕ್ ಸಾಲದೇ ಎಂದು ಕೇಳುವವರಿದ್ದಾರೆ. ಫೈಲಿನ ಸ್ವಲ್ಪ ಭಾಗ ಮಾತ್ರ ಬದಲಾಗುವುದಾದರೆ ಅದು ಚಿನ್ನ. ಹೊಸದಾಗಿ ಟ್ರೇನ್ ಆದ ಮಾಡೆಲ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಬದಲಾಗಿರುತ್ತದೆ, ಉಳಿತಾಯ ಏನೂ ಇಲ್ಲ. ಅದೂ ಅಲ್ಲದೆ ಪೈಪು ಮತ್ತೆ ನಿಮ್ಮದೇ.

ಆನ್ಸಿಬಲ್‌ನಂಥವೇ ಆದ ಪಪೆಟ್, ಶೆಫ್ ಬಳಸುವವರಿಗೂ ಇದೇ ಮಾತು. ಪ್ರತಿ ಸರ್ವರ್‌ನಲ್ಲಿರುವ ಪಪೆಟ್ ಏಜೆಂಟ್ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಓಡುತ್ತದೆ, ಮಾಡ್ಯೂಲ್ ಒಳಗೆ ಗಿಗಾಬೈಟ್ ಫೈಲ್ ಇಟ್ಟರೆ ಆ ತಪಾಸಣೆ ದಿನಕ್ಕೆ 48 ಸಲ. ಶೆಫ್‌ನಲ್ಲಿ ಕುಕ್‌ಬುಕ್ ಫೈಲ್ ಬದಲು ವಿಳಾಸದಿಂದ ಇಳಿಸುವ ರಿಮೋಟ್ ಫೈಲ್ ಬಳಸಿ. ದೊಡ್ಡ ಬೈನರಿ ಫೈಲನ್ನು ಪ್ಲೇಬುಕ್ ಜೊತೆ ಗಿಟ್‌ಗೆ (ಕೋಡ್‌ನ ಆವೃತ್ತಿಗಳನ್ನು ಕಾಯುವ ಟೂಲ್) ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ, ಗಿಟ್ ಕೋಡ್ ಇಡುವ ತಾಣ ಗಿಟ್‌ಹಬ್ 100 ಎಂಬಿ ದಾಟಿದ ಫೈಲನ್ನು ಒಳಗೇ ಬಿಡುವುದಿಲ್ಲ.

ಈಗ ನಿಮ್ಮ ಫೋರ್ಕ್ಸ್ ಪ್ರಶ್ನೆ. ಗೋಡೌನ್ ಸಿದ್ಧವಾದ ಮೇಲೆ ಫೋರ್ಕ್ಸ್ ಸಂಖ್ಯೆಯನ್ನು ಧಾರಾಳವಾಗಿ ಏರಿಸಿ, ಈಗ ಅರ್ಥವಿದೆ. ಆದರೆ ಒಂದೇ ಎಂಜಿನ್‌ಎಕ್ಸ್ 1 ಜಿಬಿಪಿಎಸ್ ಪೈಪಿನ ತುದಿಯಲ್ಲಿದ್ದರೆ 50 ಸರ್ವರ್‌ಗೆ 200 ಜಿಬಿ ಹಂಚಲು ಹೆಚ್ಚುಕಡಿಮೆ ಅರ್ಧ ಗಂಟೆ ಹಿಡಿಯುತ್ತದೆ. ಅದೇ ಮಷೀನಿನಲ್ಲಿ ಬೇರೆ ಕೆಲಸವೂ ನಡೆಯುತ್ತಿದ್ದರೆ ಆ ಟಾಸ್ಕ್‌ಗೆ ಥ್ರಾಟಲ್ 10 (ಒಂದೇ ಹೊತ್ತಿಗೆ ಹತ್ತೇ ಸರ್ವರ್) ಎಂದು ಕಡಿವಾಣ ಹಾಕಿ. ಸರ್ವರ್‌ಗಳು ಸಾವಿರ ದಾಟಿದಾಗ ಗೋಡೌನೂ ಸಾಲದು, ಆಗ ಪಡೆದವರೇ ಪಕ್ಕದವರಿಗೆ ಹಂಚಬೇಕು. ಟ್ವಿಟರ್ 2010ರಲ್ಲಿ ಇದಕ್ಕೆಂದೇ ಬಿಟ್‌ಟೊರೆಂಟ್ ಆಧಾರದ ‘ಮರ್ಡರ್’ ಎಂಬ ಟೂಲ್ ಹೊರತಂದಿತು (ಕೊಲೆಯಲ್ಲ, ಇಂಗ್ಲಿಷ್‌ನಲ್ಲಿ ಕಾಗೆಗಳ ಹಿಂಡಿಗೆ ಆ ಹೆಸರು). ಫೇಸ್‌ಬುಕ್ ಕೂಡ ತನ್ನ ಸುಮಾರು 1.5 ಜಿಬಿಯ ಬೈನರಿಯನ್ನು ಬಿಟ್‌ಟೊರೆಂಟ್‌ನಿಂದಲೇ ಹಂಚುತ್ತಿತ್ತು. ನಿಮ್ಮ 50ಕ್ಕೆ ಅಷ್ಟೆಲ್ಲ ಬೇಡ, ಒಂದು ಬಕೆಟ್ ಸಾಕು.