ಪದ ಪರಿಚಯ: ಕಿಂಟ್ಸುಗಿ

ಒಡೆದ ಪಿಂಗಾಣಿ ಬಟ್ಟಲನ್ನು ಉರುಶಿ ಎಂಬ ಮರದ ಸೊನೆಯಿಂದ ಅಂಟಿಸಿ, ಬಿರುಕಿನ ಗೆರೆಗೆ ಚಿನ್ನದ ಪುಡಿ ಹಚ್ಚುವ ಜಪಾನಿ ಕಸುಬು ಕಿಂಟ್ಸುಗಿ. ಬೆಳೆದದ್ದು ಚಹಾಕೂಟಗಳ ನೆರಳಿನಲ್ಲಿ. ಹುಟ್ಟಿನಿಂದ ಇದಕ್ಕೆ ಕ್ರೈಸ್ತ ನಂಟೇನೂ ಇಲ್ಲ. ಜಪಾನಿ ಮೂಲದ ಅಮೆರಿಕನ್ ಚಿತ್ರಕಾರ ಮಕೋಟೊ ಫುಜಿಮುರಾ ಕಲೆ ಮತ್ತು ವಿಶ್ವಾಸದ ಕುರಿತ ತಮ್ಮ 2021ರ ಪುಸ್ತಕದಲ್ಲಿ ಇದನ್ನು ‘ನೂತನ ಸೃಷ್ಟಿ’ಗೆ (ಬೈಬಲಿನ 2 ಕೊರಿಂಥ 5:17) ಜೋಡಿಸಿದರು. ಈಗ ಚರ್ಚಿನ ಪ್ರಸಂಗಗಳಲ್ಲೂ ಈ ಮಾತು ಕೇಳಿಬರುತ್ತದೆ, ಆದರೆ ಹೆಚ್ಚಾಗಿ ಚಿನ್ನದ ಬಗ್ಗೆ ಮಾತ್ರ.

ಬಟ್ಟಲನ್ನು ಹಿಡಿದು ನಿಲ್ಲಿಸುವುದು ಚಿನ್ನವಲ್ಲ, ಸೊನೆ. ಉರುಶಿ ಮಾವು, ಗೇರಿನ ಕುಟುಂಬದ ಮರ. ಸೊನೆ ತಾಗಿದರೆ ಚರ್ಮ ಉರಿದು ಬೊಕ್ಕೆ ಏಳುತ್ತದೆ, ಕೈಗವಸು ಬೇಕೇ ಬೇಕು. ಚೂರುಗಳ ಅಂಚನ್ನು ತುಸು ಉಜ್ಜಿ, ನೀರಲ್ಲಿ ನಾದಿದ ಗೋಧಿ ಹಿಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ಸೊನೆ ಬೆರೆಸಿ, ಎರಡೂ ಅಂಚಿಗೆ ತೆಳ್ಳಗೆ ಸವರಿ ಒತ್ತಬೇಕು. ಆಮೇಲೆ ತೇವದ ಪೆಟ್ಟಿಗೆಯಲ್ಲಿ 20–25 ಡಿಗ್ರಿ ಸೆಲ್ಸಿಯಸ್, ಶೇ. 70–80 ತೇವಾಂಶದಲ್ಲಿ ಎರಡು ವಾರವಾದರೂ ಇಡಬೇಕು. ಉರುಶಿ ನೀರಾರಿ ಒಣಗುವುದಲ್ಲ. ಅದರೊಳಗಿನ ಕಿಣ್ವ ತೇವದ ಗಾಳಿಯಲ್ಲಿ ಆಮ್ಲಜನಕ ಹೀರಿಸಿ ಗಟ್ಟಿಯಾಗಿಸುತ್ತದೆ. ಬೇಗ ಆಗಲೆಂದು ಒಣಹವೆಯಲ್ಲಿಟ್ಟರೆ ಕಟ್ಟುವುದೇ ಇಲ್ಲ. ದಪ್ಪ ಬಳಿದರೆ ಹೊರಗೆ ಕೆನೆಗಟ್ಟಿ ಒಳಗೆ ಹಸಿಯಾಗಿಯೇ ಉಳಿದು, ಬೆಸುಗೆ ಜಾರುತ್ತದೆ.

ಚೂರು ಕಳೆದುಹೋದ ಜಾಗಕ್ಕೆ ಕಲ್ಲಿನ ನುಣ್ಣನೆ ಪುಡಿ ಬೆರೆಸಿದ ಉರುಶಿ ತುಂಬಿ, ಗಟ್ಟಿಯಾದ ಮೇಲೆ ಉಜ್ಜಿ, ಕೆಂಪು ಉರುಶಿಯ ಸಣ್ಣ ಗೆರೆ ಎಳೆಯುತ್ತಾರೆ. ಚಿನ್ನ ಬರುವುದು ಆಗ, ಗೆರೆ ಅರೆಬರೆ ಅಂಟಂಟಾಗಿರುವಾಗ. ಅವಸರ ಮಾಡಿದರೆ ಪುಡಿ ಮುಳುಗಿ ಹೊಳಪು ಸಾಯುತ್ತದೆ, ತಡವಾದರೆ ಹತ್ತುವುದಿಲ್ಲ.

ಬೈಬಲಿನಲ್ಲಿ ಇದಕ್ಕೆ ಹತ್ತಿರದ ಜಾಗ ಹುಡುಕುವವರು ಯೆರೆಮೀಯ 18ರ ಕುಂಬಾರನ ಬಳಿ ಹೋಗುತ್ತಾರೆ. ಅಲ್ಲಿರುವುದು ಹಸಿ ಮಣ್ಣು, ಕೆಟ್ಟರೆ ಮುದ್ದೆ ಮಾಡಿ ಮತ್ತೆ ತಿರುಗಿಸಬಹುದು. 19ನೇ ಅಧ್ಯಾಯದಲ್ಲಿ ಒಡೆಯುವುದು ಸುಟ್ಟ ಮಡಕೆ, ಅದನ್ನು ಸರಿಮಾಡಲಾಗದು ಎಂದೇ ಪ್ರವಾದಿ ಹೇಳುತ್ತಾನೆ. ಕಿಂಟ್ಸುಗಿ ಕೈಹಾಕುವುದು ಈ ಎರಡನೆಯದಕ್ಕೆ. ಇನ್ನೂ ಒಪ್ಪುವ ಜಾಗ ಯೋಹಾನ 20: ಪುನರುತ್ಥಾನವಾದ ದೇಹದಲ್ಲೂ ಗಾಯದ ಗುರುತು ಉಳಿದಿದೆ, ಶಿಷ್ಯ ತೋಮನಿಗೆ ಯೇಸು ತೋರಿಸುವುದು ಅದನ್ನೇ. ವಿಮೋಚನೆ ಎಂದರೆ ಆದದ್ದನ್ನು ಅಳಿಸುವುದಲ್ಲ ಎಂಬ ಅರ್ಥ ಇಲ್ಲಿಂದ ಬರುತ್ತದೆ.

ಇದನ್ನು ಕಲಿಸಲು ಒಳ್ಳೆಯ ಬಟ್ಟಲನ್ನೇ ಸುತ್ತಿಗೆಯಿಂದ ಒಡೆಸುವ ಕಾರ್ಯಾಗಾರಗಳೂ ಇವೆ. ಅದು ನೋವನ್ನೇ ವರವೆಂದು ಸಾರಿದಂತೆ. ಅಲ್ಲಿ ಬಳಸುವುದೂ ಸಾಮಾನ್ಯವಾಗಿ ಎಪಾಕ್ಸಿ ಎಂಬ ಕೃತಕ ಅಂಟು ಮತ್ತು ಚಿನ್ನದ ಬಣ್ಣದ ಪುಡಿ. ಅಂಥ ಬಟ್ಟಲನ್ನು ಕಪಾಟಿನಲ್ಲಿಡಿ, ಬಿಸಿ ಚಹಾ ಹಾಕಬೇಡಿ.